ಮೆದುಳಿಗೆ ಹರಿಯುವ ರಕ್ತವನ್ನು ಅಳೆಯುವುದು ಹೇಗೆ?

ಫರಂಗಿಪೇಟೆಯ ಆಸುಪಾಸಿನ ಒಂದು ಮನೆ ಎಂದಿಟ್ಟುಕೊಳ್ಳೋಣ. ಯಜಮಾನರಿಗೆ ಅರುವತ್ತೆರಡು ವರ್ಷ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಕೆಲವು ವರ್ಷಗಳಿಂದ ಇವೆ. ಮಾತ್ರೆಯನ್ನು ನೆನಪಾದ ದಿನ ಮಾತ್ರ ನುಂಗುತ್ತಾರೆ. ರಾತ್ರಿ ಹತ್ತು ಗಂಟೆಗೆ ಮೊಮ್ಮಗನ ಜತೆ ನಾಲ್ಕು ಮಾತಾಡಿ ಮಲಗಿದವರು ಬೆಳಿಗ್ಗೆ ಐದೂವರೆಗೆ ಎದ್ದಾಗ ಬಲಗೈಯಲ್ಲಿ ಚಾದ ಲೋಟ ನಿಲ್ಲುವುದಿಲ್ಲ. ಬಾಯಿ ಎಡಕ್ಕೆ ಎಳೆದಿದೆ. ಹೇಳಬೇಕೆಂದಿರುವ ಮಾತು ಹೊರಡುವುದಿಲ್ಲ. ಮಗ ಗಾಡಿ ಮಾಡಿಸಿ ಮಂಗಳೂರಿನ ಆಸ್ಪತ್ರೆ ತಲುಪಿಸುವಾಗ ಏಳು ಗಂಟೆ. ಸಿ.ಟಿ. ಸ್ಕ್ಯಾನ್ ಮಾಡಿದ ವೈದ್ಯರು ಮೆದುಳಿನಲ್ಲಿ ರಕ್ತಸ್ರಾವ ಇಲ್ಲ ಎಂದು ತಿಳಿಸಿ, ಕೂಡಲೇ ಎಂ.ಆರ್.ಐ. ಆಗಬೇಕು, ಅದರಲ್ಲಿ ರಕ್ತಪ್ರವಾಹವನ್ನೂ ಅಳೆಯಬೇಕು ಎನ್ನುತ್ತಾರೆ.

"ಸಿ.ಟಿ. ಮಾಡಿಯಾಗಿದೆಯಲ್ಲಾ ಡಾಕ್ಟ್ರೇ, ಪುನಃ ಇನ್ನೊಂದು ಯಾಕೆ?" ಎಂದು ಮಗ ಕೇಳುತ್ತಾನೆ.

ಇದು ಯಾರೋ ಒಬ್ಬರ ಮನೆಯ ಕತೆಯಲ್ಲ; ಹಲವು ಮನೆಗಳಲ್ಲಿ ನಡೆಯುವುದನ್ನು ಸೇರಿಸಿ ಹೇಳಿದ್ದು. ಆದರೆ ಮಗನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ತಿಳಿದುಕೊಳ್ಳುವುದೇ ಈ ವಾರದ ಲೇಖನದ ಉದ್ದೇಶ.

ಇಲ್ಲಿ ವೈದ್ಯರ ಮುಂದಿರುವ ಸಮಸ್ಯೆ ಇಷ್ಟು. ರಕ್ತನಾಳದಲ್ಲಿ ಸಿಕ್ಕಿಬಿದ್ದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇವರಿಗೆ ಪಾರ್ಶ್ವವಾಯು ಬಡಿದದ್ದು ರಾತ್ರಿ ಹನ್ನೊಂದಕ್ಕೋ, ಬೆಳಗಿನ ಐದಕ್ಕೋ ಯಾರಿಗೂ ಗೊತ್ತಿಲ್ಲ. ಕೊನೆಯದಾಗಿ ಚೆನ್ನಾಗಿದ್ದ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಿಯಮ. ಹಾಗೆ ನೋಡಿದರೆ ಒಂಬತ್ತು ಗಂಟೆ ದಾಟಿದೆ. ಗಡಿಯಾರ ನೋಡಿದರೆ ತಡವಾಯಿತು. ಆದರೆ ಮೆದುಳನ್ನು ನೋಡಿದರೆ ಇನ್ನೂ ತಡವಾಗಿರಲಿಕ್ಕಿಲ್ಲ. ಅದನ್ನು ನೋಡುವುದು ಹೇಗೆ?

ಮೆದುಳಿಗೆ ಬೇಕಾಗುವ ರಕ್ತ ಎಷ್ಟು?

ವಯಸ್ಕರ ಮೆದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡು ಮಾತ್ರ. ಆದರೆ ಹೃದಯ ಹೊರಕ್ಕೆ ತಳ್ಳುವ ರಕ್ತದಲ್ಲಿ ಸುಮಾರು ನೂರಕ್ಕೆ ಹದಿನೈದು, ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ನೂರಕ್ಕೆ ಇಪ್ಪತ್ತು ಪಾಲನ್ನು ಅದೊಂದೇ ಬಳಸಿಕೊಳ್ಳುತ್ತದೆ. ಒಂದು ನಿಮಿಷಕ್ಕೆ ಸುಮಾರು 700 ಮಿಲಿಲೀಟರ್ ರಕ್ತ ಕುತ್ತಿಗೆಯ ನಾಲ್ಕು ಅಪಧಮನಿಗಳ ಮೂಲಕ ಮೇಲೇರುತ್ತದೆ. ಇದನ್ನೇ ವೈದ್ಯರು 100 ಗ್ರಾಂ ಮೆದುಳಿಗೆ ನಿಮಿಷಕ್ಕೆ 50 ಮಿಲಿಲೀಟರ್ ಎಂದು ಲೆಕ್ಕ ಹಾಕುತ್ತಾರೆ. ಈ ಐವತ್ತನ್ನು ನೆನಪಿನಲ್ಲಿಡಿ; ಮುಂದೆ ಬೇಕಾಗುತ್ತದೆ.

ನಮ್ಮ ಸ್ನಾಯುಗಳಿಗೆ ಒಂದಷ್ಟು ಆಹಾರವನ್ನು ಕೂಡಿಟ್ಟುಕೊಳ್ಳಲು ಆಗುತ್ತದೆ. ಮೆದುಳಿಗೆ ಅಂಥ ಉಗ್ರಾಣ ಇಲ್ಲವೆಂದೇ ಹೇಳಬೇಕು. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ನರಕೋಶಗಳು ಸಾಯತೊಡಗುತ್ತವೆ.

ಬಾಡಿದ ಗಿಡ, ಸತ್ತ ಗಿಡ

ಹಾಗಾದರೆ ಒಂಬತ್ತು ಗಂಟೆಯ ಮೇಲೆ ಉಳಿಸಲು ಏನಿದ್ದೀತು ಎಂದು ನೀವು ಕೇಳಬಹುದು. ಪಾರ್ಶ್ವವಾಯುವಿನಲ್ಲಿ ಒಂದು ನಾಳ ಮುಚ್ಚಿದರೂ ಅಕ್ಕಪಕ್ಕದ ನಾಳಗಳಿಂದ ಬಳಸು ದಾರಿಯಲ್ಲಿ ಸ್ವಲ್ಪ ರಕ್ತ ಬರುತ್ತಿರುತ್ತದೆ. ಹೆಪ್ಪಿನ ನೇರ ಹಿಡಿತದಲ್ಲಿರುವ ನಡುಭಾಗಕ್ಕೆ ಅದೂ ಇಲ್ಲ. ಅಂಚಿನ ಭಾಗಕ್ಕೆ ಅರೆಹೊಟ್ಟೆಯಷ್ಟು ಸಿಗುತ್ತದೆ.

ಅಡಿಕೆ ತೋಟ ಇರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಪ್ರಿಲ್ ತಿಂಗಳಲ್ಲಿ ಪಂಪು ಕೆಟ್ಟು ನೀರು ನಿಂತರೆ ಒಂದು ಮೂಲೆಯ ಸಸಿಗಳು ಒಣಗಿಹೋಗುತ್ತವೆ. ಉಳಿದವುಗಳ ಎಲೆ ಜೋತುಬೀಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಆದರೆ ಬುಡದಲ್ಲಿ ಜೀವ ಇದೆ. ಇಂದು ನೀರು ಬಿಟ್ಟರೆ ಚೇತರಿಸುತ್ತವೆ, ನಾಳಿದ್ದು ಬಿಟ್ಟರೆ ಇಲ್ಲ. ದೂರದಿಂದ ನೋಡುವವನಿಗೆ ಬಾಡಿದ ಗಿಡವೂ ಸತ್ತ ಗಿಡವೂ ಒಂದೇ ತೆರನಾಗಿ ಕಾಣುತ್ತವೆ.

ಮೆದುಳಿನಲ್ಲಿಯೂ ಹೀಗೆಯೇ. ನಾವು ಹೇಳಿದ 50 ಎಂಬ ಪ್ರಮಾಣ ಸುಮಾರು 20ಕ್ಕೆ ಇಳಿದಾಗ ನರಕೋಶ ತನ್ನ ಕೆಲಸ ನಿಲ್ಲಿಸುತ್ತದೆ. ಕೈ ಬೀಳುತ್ತದೆ, ಮಾತು ನಿಲ್ಲುತ್ತದೆ. ಆದರೆ ಕೋಶ ಸತ್ತಿರುವುದಿಲ್ಲ. ಸುಮಾರು 10ಕ್ಕೂ ಕೆಳಗೆ ಇಳಿದಾಗ ಬೇಗನೆ ಸಾಯುತ್ತದೆ. ಈ ಎರಡರ ನಡುವೆ ಮೌನವಾಗಿ ಬದುಕಿರುವ ಭಾಗಕ್ಕೆ ಆಸ್ಟ್ರುಪ್, ಸೀಶೋ ಮತ್ತು ಸೈಮನ್ ಎಂಬ ವಿಜ್ಞಾನಿಗಳು 1981ರ ತಮ್ಮ ಲೇಖನದಲ್ಲಿ ಪೆನಂಬ್ರಾ ಎಂಬ ಹೆಸರನ್ನು ಬಳಸಿದರು. ಗ್ರಹಣದ ಹೊತ್ತಿನಲ್ಲಿ ಪೂರ್ಣ ನೆರಳಿನ ಸುತ್ತ ಕಾಣುವ ಅರೆನೆರಳಿಗೆ ಇರುವ ಹೆಸರೇ ಇದು. ರೋಗಿಯ ಕೈ ಎತ್ತಲಾಗದಿರುವುದನ್ನು ನೋಡಿ ಅದು ಪೂರ್ಣ ನೆರಳೋ ಅರೆನೆರಳೋ ಎಂದು ಹೇಳಲಾಗದು. ಅದನ್ನು ತಿಳಿಯಲು ರಕ್ತವನ್ನೇ ಅಳೆಯಬೇಕು.

ಮೊದಲು ಅಳೆದವರು

ಜೀವಂತ ಮನುಷ್ಯನ ಮೆದುಳಿನ ರಕ್ತಪ್ರವಾಹವನ್ನು ನೆಚ್ಚಬಹುದಾದ ರೀತಿಯಲ್ಲಿ ಅಳೆದು ತೋರಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಸೆಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್. 1940ರ ದಶಕದಲ್ಲಿ ಅವರು ಸ್ವಯಂಸೇವಕರಿಗೆ ನೈಟ್ರಸ್ ಆಕ್ಸೈಡ್ ಅನಿಲವನ್ನು ಅಲ್ಪ ಪ್ರಮಾಣದಲ್ಲಿ ಉಸಿರಾಡಲು ಕೊಟ್ಟು, ಅಪಧಮನಿಯಿಂದಲೂ ಕುತ್ತಿಗೆಯ ಅಭಿಧಮನಿಯಿಂದಲೂ ರಕ್ತ ತೆಗೆದು, ಮೆದುಳು ಎಷ್ಟು ಅನಿಲವನ್ನು ಹೀರಿತೆಂದು ಲೆಕ್ಕ ಹಾಕಿದರು. 1948ರಲ್ಲಿ ಅವರು ಪ್ರಕಟಿಸಿದ ಸರಾಸರಿ 54. ಇಂದಿಗೂ ನಾವು ಹೇಳುವ 50ಕ್ಕೆ ಅದು ಬಹಳ ದೂರವಿಲ್ಲ ಎಂಬುದನ್ನು ಗಮನಿಸಿ.

ಆದರೆ ಇದು ಇಡೀ ಮೆದುಳಿನ ಸರಾಸರಿ. ಬೇಸಗೆ ಬಂತೆಂದರೆ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಎಂಬುದನ್ನು ನಾವು ಪತ್ರಿಕೆಯಲ್ಲಿ ಓದುತ್ತೇವೆ. ಆ ಸಂಖ್ಯೆಯಿಂದ ಮಂಗಳೂರಿನ ಇಂಥ ಬೀದಿಯ ಇಂಥ ಮನೆಯ ನಳ್ಳಿಯಲ್ಲಿ ನೀರು ಬರುತ್ತಿದೆಯೇ ಎಂದು ತಿಳಿಯುವುದಿಲ್ಲ. ಪಾರ್ಶ್ವವಾಯು ಒಂದು ಬೀದಿಯ ರೋಗ. ವೈದ್ಯರಿಗೆ ಬೇಕಾದುದು ಬೀದಿ ಬೀದಿಯ ಲೆಕ್ಕ. ಸಾಮಾನ್ಯ ಸ್ಕ್ಯಾನ್ ಮನೆಗಳನ್ನು ತೋರಿಸುತ್ತದೆ. ನಳ್ಳಿಯಲ್ಲಿ ನೀರು ಬರುತ್ತಿದೆಯೇ ಎಂದು ತೋರಿಸುವುದು ರಕ್ತಪ್ರವಾಹದ ಪರೀಕ್ಷೆ.

ಬೆಂಗಳೂರಿನಲ್ಲಿ ನಡೆದ ಒಂದು ಪ್ರಯೋಗ

ಎಂ.ಆರ್.ಐ. ಎಂದರೆ ಆಯಸ್ಕಾಂತೀಯ ಅನುರಣನದಿಂದ ಚಿತ್ರ ತೆಗೆಯುವುದು. ನಮ್ಮ ದೇಹದಲ್ಲಿ ತುಂಬಿರುವ ನೀರಿನ ಕಣಗಳಲ್ಲಿ ಹೈಡ್ರೋಜನ್ ಇದೆ. ಪ್ರತಿ ಹೈಡ್ರೋಜನ್ ಪರಮಾಣುವಿನ ನಡುವಿನ ಪ್ರೋಟಾನ್ ಒಂದು ಪುಟ್ಟ ಆಯಸ್ಕಾಂತದಂತೆ ವರ್ತಿಸುತ್ತದೆ. ಭೂಮಿಯ ಕಾಂತಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಬಲವಾದ ಆಯಸ್ಕಾಂತದೊಳಗೆ ನಮ್ಮನ್ನು ಮಲಗಿಸಿದಾಗ ಅವುಗಳಲ್ಲಿ ಒಂದು ಅಂಶ ಸಾಲಾಗಿ ನಿಲ್ಲುತ್ತವೆ. ರೇಡಿಯೋ ಅಲೆಯಿಂದ ಅವನ್ನು ತಟ್ಟಿದರೆ ಓಲಾಡಿ, ಮರಳಿ ತಮ್ಮ ಸ್ಥಿತಿಗೆ ಬರುವಾಗ ಸಣ್ಣ ಸಂಕೇತವನ್ನು ಹೊರಡಿಸುತ್ತವೆ. ಆ ಸಂಕೇತಗಳನ್ನು ಕಂಪ್ಯೂಟರು ಚಿತ್ರವಾಗಿ ಮಾರ್ಪಡಿಸುತ್ತದೆ. ಈ ಚಿತ್ರಣದ ತಳಹದಿ ಹಾಕಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೆ ಹರಿಯುವ ದ್ರವ ಈ ಸಂಕೇತವನ್ನು ಬದಲಿಸುತ್ತದೆ ಎಂಬುದನ್ನು ಬಹಳ ಮೊದಲೇ ತೋರಿಸಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಜಿ. ಸೂರ್ಯನ್ ಅವರು ಆಯಸ್ಕಾಂತದ ನಡುವೆ ಇಟ್ಟ ಕೊಳವೆಯಲ್ಲಿ ದ್ರವವನ್ನು ಹರಿಸಿ ಪರೀಕ್ಷಿಸಿದರು. ಅವರ ಲೇಖನ 1951ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಂತ ದ್ರವದ ಪ್ರೋಟಾನುಗಳು ಮತ್ತೆ ಮತ್ತೆ ರೇಡಿಯೋ ಅಲೆಯ ಪೆಟ್ಟು ತಿಂದು ದಣಿಯುತ್ತವೆ, ಸಂಕೇತ ಕುಗ್ಗುತ್ತದೆ. ದ್ರವ ಹರಿಯುತ್ತಿದ್ದರೆ ದಣಿದವು ಮುಂದೆ ಸಾಗಿ ಹೊಸಬು ಬರುತ್ತವೆ, ಸಂಕೇತ ಹಿಗ್ಗುತ್ತದೆ. ಅಂದರೆ ಸಂಕೇತವನ್ನು ನೋಡಿ ಹರಿವನ್ನು ಊಹಿಸಬಹುದು. ಮನುಷ್ಯನ ಎಂ.ಆರ್.ಐ. ಚಿತ್ರ ತೆಗೆಯುವ ಯಂತ್ರ ಆಗ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಎಂಟು ವರ್ಷಗಳ ಬಳಿಕ, 1959ರಲ್ಲಿ, ಅಮೆರಿಕದ ಸಿಂಗರ್ ಎಂಬವರು ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಇದೇ ಅನುರಣನದಿಂದ ಅಳೆದರು.

ಒಂದನೆಯ ವಿಧಾನ: ಔಷಧ ಚುಚ್ಚಿ ನೋಡುವುದು

ಇಂದು ಆಸ್ಪತ್ರೆಗಳಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು ಹೀಗೆ. ತೋಡಿನ ತಲೆಯಲ್ಲಿ ಒಂದು ಬಾಲ್ದಿ ಕೆಮ್ಮಣ್ಣಿನ ನೀರನ್ನು ಒಮ್ಮೆಲೇ ಹೊಯ್ದು, ಕೆಳಗೆ ನಿಂತು ನೋಡಿ. ಕೆಂಪು ಯಾವಾಗ ಬಂತು, ಎಷ್ಟು ದಟ್ಟವಾಗಿ ಬಂತು, ಎಷ್ಟು ಹೊತ್ತು ನಿಂತು ಹೋಯಿತು ಎಂಬುದರಿಂದ ತೋಡಿನ ಹರಿವನ್ನು ಲೆಕ್ಕ ಹಾಕಬಹುದು.

ಮೆದುಳಿನಲ್ಲಿ ಕೆಮ್ಮಣ್ಣಿನ ಬದಲು ಗ್ಯಾಡೋಲಿನಿಯಂ ಎಂಬ ಲೋಹದ ಸುರಕ್ಷಿತ ರೂಪದ ಔಷಧವನ್ನು ಕೈಯ ರಕ್ತನಾಳಕ್ಕೆ ಪಂಪಿನ ಸಹಾಯದಿಂದ ವೇಗವಾಗಿ ಚುಚ್ಚುತ್ತಾರೆ. ಜನ ಇದನ್ನು ಬಣ್ಣದ ಇಂಜೆಕ್ಷನ್ ಎನ್ನುತ್ತಾರೆ. ನಿಜವಾಗಿ ಅದಕ್ಕೆ ಬಣ್ಣವಿಲ್ಲ. ಅದು ಹೋದಲ್ಲೆಲ್ಲ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ, ಹಾಗಾಗಿ ಚಿತ್ರದಲ್ಲಿ ಆ ಜಾಗ ಕ್ಷಣಕಾಲ ಕಪ್ಪಾಗುತ್ತದೆ. ಸುಮಾರು ಒಂದೂವರೆ ಸೆಕೆಂಡಿಗೊಮ್ಮೆ ಇಡೀ ಮೆದುಳಿನ ಚಿತ್ರ ತೆಗೆದು, ಕಪ್ಪಾಗಿ ಮತ್ತೆ ಬೆಳಗಾಗುವುದನ್ನು ಪ್ರತಿ ಬಿಂದುವಿನಲ್ಲೂ ಗುರುತಿಸುತ್ತಾರೆ. ಎರಡು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. 1991ರಲ್ಲಿ ಬೋಸ್ಟನ್ನಿನ ಬೆಲಿವೊ ಮತ್ತು ಸಂಗಡಿಗರು ಇದೇ ಉಪಾಯದಿಂದ, ಕಣ್ಣಿಗೆ ಬೆಳಕು ತೋರಿಸಿದಾಗ ಮೆದುಳಿನ ಹಿಂಭಾಗದಲ್ಲಿ ರಕ್ತ ಹೆಚ್ಚುವುದನ್ನು ಚಿತ್ರಿಸಿದರು.

ಲೆಕ್ಕ ಸರಳವಾದದ್ದು. 100 ಗ್ರಾಂ ಮೆದುಳಿನ ನಾಳಗಳಲ್ಲಿ ಒಂದು ಹೊತ್ತಿಗೆ 4 ಮಿಲಿಲೀಟರ್ ರಕ್ತ ಇದೆ, ಅದು ಹಾದುಹೋಗಲು 5 ಸೆಕೆಂಡು ಬೇಕು ಎಂದಾದರೆ ನಿಮಿಷಕ್ಕೆ 48 ಮಿಲಿಲೀಟರ್ ಹರಿಯಿತು. ಅದೇ 4 ಮಿಲಿಲೀಟರ್ ರಕ್ತ ಹಾದುಹೋಗಲು 12 ಸೆಕೆಂಡು ತೆಗೆದುಕೊಂಡರೆ ಹರಿವು 20ಕ್ಕೆ ಇಳಿಯಿತು. ರಕ್ತ ಇದೆ, ಆದರೆ ಓಡುತ್ತಿಲ್ಲ. ನಾಳಗಳು ಹಿಗ್ಗಿ ಇದ್ದಷ್ಟನ್ನು ಹಿಡಿದಿಟ್ಟುಕೊಂಡು ಆ ಭಾಗ ಹೇಗೋ ಜೀವ ಉಳಿಸಿಕೊಂಡಿದೆ. ಅರೆನೆರಳೆಂದರೆ ಇದೇ.

ಎರಡನೆಯ ವಿಧಾನ: ರಕ್ತಕ್ಕೇ ಗುರುತು ಹಾಕುವುದು

ಎರಡನೆಯದರಲ್ಲಿ ಚುಚ್ಚುಮದ್ದು ಬೇಡ. ಇದಕ್ಕೆ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್, ಚಿಕ್ಕದಾಗಿ ಎ.ಎಸ್.ಎಲ್. ಎನ್ನುತ್ತಾರೆ. 1992ರಲ್ಲಿ ಪಿಟ್ಸ್‌ಬರ್ಗಿನ ಡೆಟ್ರೆ, ವಿಲಿಯಮ್ಸ್, ಕೊರೆಟ್ಸ್ಕಿ ಮತ್ತು ಸಂಗಡಿಗರು ಇಲಿಯ ಮೆದುಳಿನಲ್ಲಿ ಇದನ್ನು ಮಾಡಿ ತೋರಿಸಿದರು.

ಮತ್ತೆ ತೋಡಿಗೆ ಬರೋಣ. ಈ ಸಲ ಕೆಮ್ಮಣ್ಣು ಬೇಡ. ತೋಡಿನ ತಲೆಯಲ್ಲಿ ಹರಿಯುವ ನೀರನ್ನೇ ಒಂದೆರಡು ಸೆಕೆಂಡು ಬಿಸಿ ಮಾಡಿದೆವೆನ್ನಿ. ಕೆಳಗೆ ಕೈ ಇಟ್ಟವನಿಗೆ ಬೆಚ್ಚಗಿನ ನೀರು ತಾಗಿದರೆ ಮೇಲಿನ ನೀರು ತಲುಪಿತು ಎಂದು ಗೊತ್ತಾಗುತ್ತದೆ. ಎ.ಎಸ್.ಎಲ್.ನಲ್ಲಿ ಕುತ್ತಿಗೆಯ ಹತ್ತಿರ ಹಾದುಹೋಗುವ ರಕ್ತದ ಪ್ರೋಟಾನುಗಳನ್ನು ರೇಡಿಯೋ ಅಲೆಯಿಂದ ತಲೆಕೆಳಗು ಮಾಡುತ್ತಾರೆ. ಅದೇ ಗುರುತು. ಸುಮಾರು ಎರಡು ಸೆಕೆಂಡು ಕಾದು, ಗುರುತಿನ ರಕ್ತ ಮೆದುಳಿಗೆ ತಲುಪಿದಾಗ ಒಂದು ಚಿತ್ರ. ಗುರುತು ಹಾಕದೆ ಇನ್ನೊಂದು ಚಿತ್ರ. ಎರಡನ್ನೂ ಕಳೆದರೆ ಉಳಿಯುವುದು ಆ ಎರಡು ಸೆಕೆಂಡಿನಲ್ಲಿ ಬಂದ ರಕ್ತ ಮಾತ್ರ. ವ್ಯತ್ಯಾಸ ನೂರಕ್ಕೆ ಒಂದರಷ್ಟು ಅಲ್ಪವಾದುದರಿಂದ ಮತ್ತೆ ಮತ್ತೆ ಹತ್ತಾರು ಬಾರಿ ತೆಗೆದು ಸರಾಸರಿ ಮಾಡಬೇಕು. ಅದಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ರೋಗಿ ತಲೆ ಅಲುಗಿಸಬಾರದು.

ಮೂತ್ರಪಿಂಡದ ತೊಂದರೆ ಇರುವವರಿಗೆ, ಮಕ್ಕಳಿಗೆ, ಪದೇ ಪದೇ ಪರೀಕ್ಷೆ ಬೇಕಾದವರಿಗೆ ಈ ವಿಧಾನ ಅನುಕೂಲ. ಆದರೆ ಒಂದು ಕೊರತೆ ಇದೆ. ಬಿಸಿನೀರು ದಾರಿಯಲ್ಲಿ ತಣಿಯುವಂತೆ ಈ ಗುರುತೂ ಒಂದೆರಡು ಸೆಕೆಂಡುಗಳಲ್ಲಿ ಮಾಸುತ್ತದೆ. ವಯಸ್ಸಾದವರಲ್ಲಿ, ಕುತ್ತಿಗೆಯ ನಾಳ ಸಪೂರ ಆದವರಲ್ಲಿ ರಕ್ತ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಗುರುತು ಅಳಿಸಿದರೆ ರಕ್ತವೇ ಇಲ್ಲವೆಂಬಂತೆ ಚಿತ್ರ ಬರಬಹುದು. ಆದ್ದರಿಂದ ಚಿತ್ರವನ್ನು ಓದುವುದು ಅನುಭವಸ್ಥರ ಕೆಲಸ. ವರದಿಯ ಒಂದು ಸಾಲನ್ನು ನೋಡಿ ಮನೆಯವರು ಗಾಬರಿಯಾಗಬಾರದು.

ಎರಡು ನಕ್ಷೆಗಳ ನಡುವಿನ ಅಂತರ

ಈಗ ನಮ್ಮ ರೋಗಿಯ ಬಳಿಗೆ ಬರೋಣ. ಎಂ.ಆರ್.ಐ. ಯಂತ್ರದಲ್ಲಿ ಡಿಫ್ಯೂಷನ್ ಎಂಬ ಇನ್ನೊಂದು ಚಿತ್ರವೂ ಸಿಗುತ್ತದೆ. ಸಾಯುತ್ತಿರುವ ಕೋಶಗಳು ಊದಿಕೊಂಡು ನೀರಿನ ಕಣಗಳ ಓಡಾಟಕ್ಕೆ ಜಾಗ ಇಲ್ಲದಂತಾಗುವುದನ್ನು ಅದು ತೋರಿಸುತ್ತದೆ. ಆ ಭಾಗ ಬಿಳಿಯಾಗಿ ಹೊಳೆಯುತ್ತದೆ. ಸತ್ತ ಭಾಗ ಹೆಚ್ಚುಕಡಿಮೆ ಅಷ್ಟೇ ಎಂದು ತಿಳಿಯಬಹುದು. ರಕ್ತಪ್ರವಾಹದ ನಕ್ಷೆ ರಕ್ತ ತಡವಾಗಿ ತಲುಪುತ್ತಿರುವ ಒಟ್ಟು ಭಾಗವನ್ನು ತೋರಿಸುತ್ತದೆ. ಒಟ್ಟು ಭಾಗದಿಂದ ಸತ್ತ ಭಾಗವನ್ನು ಕಳೆದರೆ ಉಳಿಸಬಹುದಾದದ್ದು ಎಷ್ಟು ಎಂಬ ಅಂದಾಜು ಸಿಗುತ್ತದೆ.

ಈ ರೋಗಿಯಲ್ಲಿ ಸತ್ತ ಭಾಗ 20 ಮಿಲಿಲೀಟರ್, ರಕ್ತ ತಡವಾಗುತ್ತಿರುವ ಭಾಗ 90 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಉಳಿದ 70 ಮಿಲಿಲೀಟರಿನಲ್ಲಿ ಅವರ ಮಾತು ಇರಬಹುದು, ಬಲಗೈ ಇರಬಹುದು. ದೊಡ್ಡ ನಾಳವೊಂದು ಮುಚ್ಚಿದ್ದರೆ, ತೊಡೆಸಂದಿನ ಅಪಧಮನಿಯಿಂದ ಸಪೂರ ನಳಿಕೆಯನ್ನು ಮೆದುಳಿನ ತನಕ ಹಾಯಿಸಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆಯನ್ನು ವೈದ್ಯರು ಆಲೋಚಿಸಬಹುದು.

ಇದು ಬರಿಯ ಆಶಾವಾದವಲ್ಲ. 2018ರಲ್ಲಿ ಪ್ರಕಟವಾದ ಡಿಫ್ಯೂಸ್-3 ಎಂಬ ಅಧ್ಯಯನದಲ್ಲಿ, ಕೊನೆಯದಾಗಿ ಚೆನ್ನಾಗಿದ್ದ ಹೊತ್ತಿನಿಂದ 6ರಿಂದ 16 ಗಂಟೆ ಕಳೆದ 182 ರೋಗಿಗಳನ್ನು ಇಂಥ ನಕ್ಷೆಗಳ ಆಧಾರದಿಂದ ಆರಿಸಲಾಯಿತು. ಮೂರು ತಿಂಗಳ ಬಳಿಕ ನೋಡಿದಾಗ, ಹೆಪ್ಪು ತೆಗೆದವರಲ್ಲಿ ನೂರಕ್ಕೆ 45 ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟಾಗಿದ್ದರು. ಔಷಧದಲ್ಲಿ ಮಾತ್ರ ಉಳಿದವರಲ್ಲಿ ನೂರಕ್ಕೆ 17 ಮಂದಿ. ಅದೇ ವರ್ಷ ಬಂದ ವೇಕ್-ಅಪ್ ಎಂಬ ಅಧ್ಯಯನ, ನಿದ್ದೆಯಲ್ಲಿ ಪಾರ್ಶ್ವವಾಯು ಬಡಿದಂಥ, ಹೊತ್ತು ತಿಳಿಯದ 503 ಮಂದಿಯನ್ನು ಎಂ.ಆರ್.ಐ. ಚಿತ್ರಗಳಿಂದಲೇ ಆರಿಸಿತು. ಹೆಪ್ಪು ಕರಗಿಸುವ ಔಷಧ ಪಡೆದವರಲ್ಲಿ ನೂರಕ್ಕೆ 53 ಮಂದಿಗೆ, ಪಡೆಯದವರಲ್ಲಿ 42 ಮಂದಿಗೆ ಒಳ್ಳೆಯ ಗುಣ ಸಿಕ್ಕಿತು. ಔಷಧ ಪಡೆದವರಲ್ಲಿ ಮೆದುಳಿನ ರಕ್ತಸ್ರಾವ ತುಸು ಹೆಚ್ಚಾಗಿತ್ತು ಎಂಬುದನ್ನೂ ಹೇಳಬೇಕು.

ಮಗನ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟವಾಗಿರಬಹುದು. ಸಿ.ಟಿ. ಸ್ಕ್ಯಾನ್ ರಕ್ತಸ್ರಾವ ಇಲ್ಲವೆಂದು ಹೇಳಿತು. ಉಳಿಸಲು ಏನಾದರೂ ಇದೆಯೇ ಎಂದು ಹೇಳಬೇಕಾದದ್ದು ಎರಡನೆಯ ಪರೀಕ್ಷೆ.

ತಪ್ಪು ತಿಳಿಯಬಾರದು

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 16 ಗಂಟೆಯವರೆಗೆ ಚಿಕಿತ್ಸೆ ಇದೆಯಂತೆ, ಮಧ್ಯಾಹ್ನ ಹೋದರೂ ಆದೀತು ಎಂದು ಯಾರೂ ಭಾವಿಸಬಾರದು. ದೊಡ್ಡ ನಾಳ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಅಮೆರಿಕದ ಸೇವರ್ ಎಂಬ ವೈದ್ಯರು ಲೆಕ್ಕ ಹಾಕಿದ್ದಾರೆ. ಬಳಸು ದಾರಿಯ ನಾಳಗಳು ಚೆನ್ನಾಗಿರುವವರಿಗೆ ಮಾತ್ರ ಅರೆನೆರಳು ಅಷ್ಟು ಗಂಟೆ ಉಳಿಯುತ್ತದೆ. ಅದು ಯಾರಲ್ಲಿ ಎಷ್ಟು ಇದೆ ಎಂದು ಮನೆಯಲ್ಲಿ ಕುಳಿತು ತಿಳಿಯುವ ಉಪಾಯವಿಲ್ಲ. ಎಣ್ಣೆ ತಿಕ್ಕುತ್ತ, ಸಂಬಂಧಿಕರು ಬರಲಿ ಎಂದು ಕಾಯುತ್ತ ಕಳೆದ ಎರಡು ಗಂಟೆ ಆ 70 ಮಿಲಿಲೀಟರನ್ನೇ ತಿಂದುಹಾಕಬಹುದು.

ಬೇಗ ಬಂದವರಿಗೆ, ಅಂದರೆ ಆರು ಗಂಟೆಯೊಳಗೆ ತಲುಪಿದವರಿಗೆ, ಸಾಮಾನ್ಯವಾಗಿ ಈ ಪರೀಕ್ಷೆಗಾಗಿ ಚಿಕಿತ್ಸೆಯನ್ನು ತಡೆದಿಡುವುದಿಲ್ಲ. ಅನೇಕ ಆಸ್ಪತ್ರೆಗಳಲ್ಲಿ ರಕ್ತಪ್ರವಾಹವನ್ನು ಸಿ.ಟಿ. ಯಂತ್ರದಿಂದಲೇ ಅಳೆಯುತ್ತಾರೆ, ಅದು ಬೇಗ ಆಗುತ್ತದೆ. ಸತ್ತ ಭಾಗ ದೊಡ್ಡದಿದ್ದರೂ ಕೆಲವರಿಗೆ ಹೆಪ್ಪು ತೆಗೆಯುವುದರಿಂದ ಪ್ರಯೋಜನವಿದೆ ಎಂದು 2022ರಿಂದೀಚಿನ ಅಧ್ಯಯನಗಳು ತೋರಿಸಿವೆ. ಆದುದರಿಂದ ನಕ್ಷೆಯೇ ಕೊನೆಯ ಮಾತಲ್ಲ.

ಪಾರ್ಶ್ವವಾಯುವಿಗಲ್ಲದೆ ಮೆದುಳಿನ ಗೆಡ್ಡೆಯ ಸ್ವಭಾವ ತಿಳಿಯಲು, ಅಪಸ್ಮಾರದ ಮೂಲ ಹುಡುಕಲು, ಕೆಲವು ಬಗೆಯ ಮರೆವಿನ ಕಾಯಿಲೆಯಲ್ಲಿಯೂ ಈ ಪರೀಕ್ಷೆಯನ್ನು ಮಾಡುವುದುಂಟು.

ಪರೀಕ್ಷೆಗೆ ಮೊದಲು ತಿಳಿಸಬೇಕಾದದ್ದು

ಎಂ.ಆರ್.ಐ.ಯಲ್ಲಿ ಕ್ಷ-ಕಿರಣ ಇಲ್ಲ. ಆದರೆ ಆಯಸ್ಕಾಂತ ಬಲವಾದುದು. ಹೃದಯದ ಪೇಸ್‌ಮೇಕರ್, ಮೆದುಳಿನ ನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಯಂತ್ರ ಇದ್ದರೆ ಮೊದಲೇ ಹೇಳಬೇಕು. ಅವುಗಳಲ್ಲಿ ಕೆಲವು ಎಂ.ಆರ್.ಐ.ಗೆ ಒಗ್ಗುತ್ತವೆ, ಕೆಲವು ಒಗ್ಗುವುದಿಲ್ಲ. ವೆಲ್ಡಿಂಗ್ ಕೆಲಸ ಮಾಡಿದವರ ಕಣ್ಣಿನಲ್ಲಿ ಲೋಹದ ಚೂರು ಇರುವ ಸಂಶಯವಿದ್ದರೆ ಅದನ್ನೂ ತಿಳಿಸಿ. ಕರಿಮಣಿ, ಕಾಲುಂಗುರ, ಬಳೆ, ಉಡಿದಾರದ ಲೋಹ ಎಲ್ಲವನ್ನೂ ತೆಗೆಯಬೇಕು. ಮೂತ್ರಪಿಂಡದ ಕಾಯಿಲೆ, ಗರ್ಭಧಾರಣೆ, ಹಿಂದೆ ಚುಚ್ಚುಮದ್ದಿನಿಂದ ಆದ ಅಲರ್ಜಿ ಇವುಗಳನ್ನು ಹೇಳದೆ ಗ್ಯಾಡೋಲಿನಿಯಂ ಹಾಕಿಸಿಕೊಳ್ಳಬಾರದು.

ತುರ್ತಲ್ಲದ ಪರೀಕ್ಷೆಗೆ ಹೋಗುವವರು ಕಾಫಿ, ಚಾ ಕುಡಿದು ಹೋಗಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಕೆಫೀನ್ ಮೆದುಳಿನ ರಕ್ತಪ್ರವಾಹವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ, ಅಳತೆ ತಪ್ಪಾದೀತು.

ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ನಮ್ಮದು ಬೆಳ್ತಂಗಡಿಯಿಂದಲೂ ಒಳಗಿನ ಹಳ್ಳಿ. ಮಂಗಳೂರಿಗೆ ಎರಡು ಗಂಟೆ ಹಿಡಿಯುತ್ತದೆ. ಮೊದಲು ಹತ್ತಿರದ ಕ್ಲಿನಿಕ್ಕಿಗೆ ಹೋಗಬೇಡವೇ?*

ಸಿ.ಟಿ. ಸ್ಕ್ಯಾನ್ ಇಲ್ಲದ ಕಡೆ ಪಾರ್ಶ್ವವಾಯುವಿಗೆ ನಿಜವಾದ ಚಿಕಿತ್ಸೆ ಆರಂಭಿಸಲಾಗದು. 108ಕ್ಕೆ ಕರೆ ಮಾಡಿ, ಪಾರ್ಶ್ವವಾಯುವಿನ ಸಂಶಯ ಎಂದು ಹೇಳಿ. ದಾರಿಯಲ್ಲಿರುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದರೆ ಇನ್ನಷ್ಟು ನಿಮಿಷ ಉಳಿಯುತ್ತದೆ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಕಡೆಯವರು ಒಂದು ಕೆಲಸವನ್ನು ಇಂದೇ ಮಾಡಿ. ರಾತ್ರಿ ಹೊತ್ತಿನಲ್ಲೂ ಸ್ಕ್ಯಾನ್ ಮಾಡುವ, ಹೆಪ್ಪು ಕರಗಿಸುವ ಔಷಧ ಕೊಡುವ, ನರರೋಗ ತಜ್ಞರು ಸಿಗುವ ಆಸ್ಪತ್ರೆ ಯಾವುದೆಂದು ವಿಚಾರಿಸಿ, ಫೋನ್ ಸಂಖ್ಯೆಯನ್ನು ಗೋಡೆಗೆ ಅಂಟಿಸಿಡಿ. ಆಯುಷ್ಮಾನ್ ಕಾರ್ಡು ಇದ್ದರೆ ಅದನ್ನೂ ಕೈಗೆ ಸಿಗುವಲ್ಲಿ ಇಡಿ.

*ದಾರಿಯಲ್ಲಿ ಆಸ್ಪಿರಿನ್ ಅಥವಾ ರಕ್ತದೊತ್ತಡದ ಮಾತ್ರೆ ಕೊಡಬಹುದೇ?*

ಬೇಡ. ರಕ್ತಸ್ರಾವದಿಂದ ಆದ ಪಾರ್ಶ್ವವಾಯು ಆಗಿದ್ದರೆ ಆಸ್ಪಿರಿನ್ ಹಾನಿ ಮಾಡುತ್ತದೆ. ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಅರೆನೆರಳಿಗೆ ಬರುತ್ತಿರುವ ಅಷ್ಟಿಷ್ಟು ರಕ್ತವೂ ನಿಲ್ಲಬಹುದು. ನುಂಗುವ ಶಕ್ತಿ ಹೋಗಿರಬಹುದಾದ್ದರಿಂದ ನೀರನ್ನೂ ಕುಡಿಸಬೇಡಿ.

*ಐದು ನಿಮಿಷ ಕೈ ಬಿದ್ದು, ತಾನೇ ಸರಿಯಾಯಿತು. ಸುಮ್ಮನಿರಬಹುದೇ?*

ಸುಮ್ಮನಿರಬಾರದು. ಅದು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆ ಆಗಿರಬಹುದು. ಅದೇ ದಿನ ವೈದ್ಯರನ್ನು ಕಾಣಬೇಕು.

ನೆನಪಿಡಿ

ಮುಖ ಓರೆಯಾಗಿದೆಯೇ, ಎರಡು ಕೈ ಎತ್ತಿದಾಗ ಒಂದು ಕೆಳಗೆ ಜಾರುತ್ತದೆಯೇ, ಮಾತು ತೊದಲುತ್ತದೆಯೇ ನೋಡಿ. ಮೂರರಲ್ಲಿ ಒಂದು ಇದ್ದರೂ ಹೊರಡಿ. ಮತ್ತೊಂದು ವಿಷಯ: ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ. ಎಷ್ಟೇ ಬೆಲೆಬಾಳುವ ಯಂತ್ರವಾದರೂ ಆ ಒಂದು ಮಾಹಿತಿಯನ್ನು ಮನೆಯವರಷ್ಟು ನಿಖರವಾಗಿ ಕೊಡಲಾರದು.

ಯಂತ್ರ ಬಾಡಿದ್ದನ್ನೂ ಸತ್ತದ್ದನ್ನೂ ಬೇರೆ ಮಾಡಿ ತೋರಿಸಬಲ್ಲುದು. ಬಾಡಿದ್ದು ಉಳಿದಿರುವಾಗಲೇ ರೋಗಿಯನ್ನು ಯಂತ್ರದ ಬಳಿಗೆ ತಲುಪಿಸುವುದು ಮನೆಯವರ ಕೈಯಲ್ಲಿದೆ.